ಹಮ್ಮಿಂಗ್‌ಬರ್ಡಿಗೆ ‘ಸೂರಕ್ಕಿ’, ಕಡಲಾಮೆಗೆ ‘ಕಾವು ಕೂರು’: ಬಳಸಬಹುದೇ?

ಪ್ರಶ್ನೆ: ದಾವಣಗೆರೆಯ ಪ್ರೌಢಶಾಲೆ ಮಕ್ಕಳಿಗಾಗಿ ಹಸಿರು ಕಡಲಾಮೆಯನ್ನೂ ಕೆಂಪು ಕೊರಳಿನ ಹಮ್ಮಿಂಗ್‌ಬರ್ಡನ್ನೂ ಹೋಲಿಸುವ ಪಟ್ಟಿ ಮಾಡುತ್ತಿದ್ದೇವೆ. ಹಕ್ಕಿಗೆ ‘ಸೂರಕ್ಕಿ’, ಆಮೆಯ ಮುಂಗಾಲಿಗೆ ‘ಹುಟ್ಟುಗಾಲು’, ಎರಡಕ್ಕೂ ‘ಗೂಡು’, ‘ಕಾವು ಕೂರುವ ಅವಧಿ’ ಎಂದು ಬರೆದಿದ್ದೇವೆ. ತಿದ್ದಿಕೊಡಿ ಗುರುಗಳೇ.

ಉತ್ತರ: ಮೇಡಂ, ಮೊದಲು ‘ಸೂರಕ್ಕಿ’ ತೆಗೆಯಿರಿ. ನಿಮ್ಮೂರಿನ ಹಿತ್ತಿಲ ದಾಸವಾಳಕ್ಕೆ ಬರುವುದೇ ಸೂರಕ್ಕಿ. ಮಕ್ಕಳು ದಿನಾ ನೋಡುವ ಹಕ್ಕಿ. ಅದು ಹೆಚ್ಚಾಗಿ ತೊಟ್ಟಿಗೋ ಟೊಂಗೆಗೋ ಕಾಲೂರಿ ಮಕರಂದ ಹೀರುತ್ತದೆ. ಹಮ್ಮಿಂಗ್‌ಬರ್ಡ್ ಬೇರೆ ಕುಟುಂಬದ್ದು, ಅಮೆರಿಕ ಖಂಡಗಳಲ್ಲಿ ಮಾತ್ರ ಇರುವಂಥದ್ದು. ಹೆಸರನ್ನು ಹಾಗೇ ಉಳಿಸಿ, ಒಮ್ಮೆ ಮಾತ್ರ ‘ರೆಕ್ಕೆ ಬಡಿತದಿಂದ ಗುಂಯ್‌ಗುಡುವ ಪುಟ್ಟ ಹಕ್ಕಿ’ ಎಂದು ಬಿಡಿಸಿ ಹೇಳಿದರೆ ಸಾಕು. ಹೂವಿನ ಮುಂದೆ ಅದು ‘ತೇಲುತ್ತದೆ’ ಎನ್ನಬೇಡಿ. ಸುಮಾರು 3 ಗ್ರಾಂ ತೂಗುವ ಜೀವ ಸೆಕೆಂಡಿಗೆ 50ರಷ್ಟು ಸಲ ರೆಕ್ಕೆ ಬಡಿದು ನಿಲ್ಲುವುದು ತೇಲುವುದಲ್ಲ. ‘ನಿಂತಲ್ಲೇ ಹಾರುತ್ತದೆ’ ಎನ್ನಿ.

‘ಹುಟ್ಟುಗಾಲು’ ಕಟ್ಟಿದವರ ಮನಸ್ಸಿನಲ್ಲಿ ದೋಣಿಯ ಹುಟ್ಟು ಇದೆ, ಸರಿ. ಆದರೆ ಹುಟ್ಟುಕುರುಡು, ಹುಟ್ಟುಗುಣ ಕೇಳಿದ ಕಿವಿಗೆ ಅದು ಹುಟ್ಟಿನಿಂದ ಬಂದ ಕಾಲು ಎಂದೇ ಕೇಳಿಸೀತು. ‘ಈಜುರೆಕ್ಕೆ’ಯೂ ಬೇಡ, ಅದು ಮೀನಿನದು. ಆಮೆಯದು ಚಪ್ಪಟೆಯಾದ ಕಾಲೇ. ಚರ್ಮದೊಳಗೆ ಐದು ಬೆರಳಿನ ಮೂಳೆಗಳಿವೆ. ‘ಈಜುಗಾಲು’ ಚೆನ್ನಾಗಿ ಕೂರುತ್ತದೆ. ಅದರ ಬಡಿತ ಮಾತ್ರ ಹಕ್ಕಿಯ ರೆಕ್ಕೆಯಂತೆಯೇ, ಮೇಲೆ ಕೆಳಗೆ. ಆದ್ದರಿಂದ ಚಲನೆಯ ಸಾಲಿನಲ್ಲಿ ‘ನೀರಿನಲ್ಲಿ ಹಾರಿದಂತೆ ಈಜುತ್ತದೆ’ ಎಂದು ಬರೆದರೆ ತಪ್ಪಿಲ್ಲ, ಹೋಲಿಕೆಗೆ ಕಳೆ ಬರುತ್ತದೆ.

ದೊಡ್ಡ ತೊಡಕು ‘ಕಾವು ಕೂರುವ ಅವಧಿ’ಯದು. ಹಮ್ಮಿಂಗ್‌ಬರ್ಡಿನ ಹೆಣ್ಣು ಅವರೆಕಾಳಿನಷ್ಟು ಸಣ್ಣ ಎರಡು ಮೊಟ್ಟೆ ಇಟ್ಟು ಸುಮಾರು ಎರಡು ವಾರ ಕೂರುತ್ತದೆ. ಆಮೆ ಕೂರುವುದೇ ಇಲ್ಲ. ಹಿಂಗಾಲಿನಿಂದ ಮರಳು ತೋಡಿ, ನೂರರ ಆಸುಪಾಸು ಮೊಟ್ಟೆ ಇಟ್ಟು, ಮುಚ್ಚಿ, ಕಡಲಿಗೆ ಮರಳುತ್ತದೆ. ಮೊಟ್ಟೆಗೆ ಕಾವು ಕೊಡುವುದು ಮರಳು. ಅದು ಹೆಚ್ಚು ಬಿಸಿಯಾದರೆ ಹೆಣ್ಣುಮರಿ, ತಂಪಾದರೆ ಗಂಡುಮರಿ ಹೆಚ್ಚು. ‘ಮರಳಿನ ಕಾವು’ ಎನ್ನಬಹುದು, ‘ಕಾವು ಕೂರು’ ಎನ್ನಲಾಗದು. ಹಾಗಾಗಿ ಸಾಲಿನ ತಲೆಬರಹವನ್ನು ‘ಮೊಟ್ಟೆ ಒಡೆದು ಮರಿ ಬರಲು ಬೇಕಾದ ಕಾಲ’ ಎಂದು ಮಾಡಿ: ಹಕ್ಕಿಗೆ ಎರಡು ವಾರ, ಆಮೆಗೆ ಸುಮಾರು ಎರಡು ತಿಂಗಳು. ಅದೇ ಕಾರಣಕ್ಕೆ ಜೇಡರ ಬಲೆಯ ಎಳೆಯಿಂದ ಹೆಣೆದ ಹಕ್ಕಿಯ ಬಟ್ಟಲಿಗೆ ‘ಗೂಡು’, ಆಮೆಯದಕ್ಕೆ ‘ಮೊಟ್ಟೆಗುಳಿ’.

‘ಚಿಪ್ಪು’ ಎಂದಷ್ಟೇ ಬಿಟ್ಟರೆ ಮೇಲಿನದೋ ಕೆಳಗಿನದೋ ತಿಳಿಯದು. ಬೆನ್ನುಚಿಪ್ಪು, ಹೊಟ್ಟೆಚಿಪ್ಪು ಎನ್ನಿ. ‘ಕೊಕ್ಕು’ ಎರಡಕ್ಕೂ ನಡೆಯುತ್ತದೆ, ಆಮೆಗೂ ಹಲ್ಲಿಲ್ಲ.

ಚಿತ್ರ ಬರೆಯುವ ಮಕ್ಕಳಿಗೆ ಎರಡು ಮಾತು ಹೇಳಿಬಿಡಿ. ಹಸಿರು ಕಡಲಾಮೆಗೆ ಆ ಹೆಸರು ಬಂದದ್ದು ಚಿಪ್ಪಿನ ಬಣ್ಣದಿಂದಲ್ಲ, ಒಳಗಿನ ಕೊಬ್ಬಿನ ಬಣ್ಣದಿಂದ. ಬೆನ್ನುಚಿಪ್ಪಿಗೆ ಕಂದು, ಆಲಿವ್ ಛಾಯೆ ಹಚ್ಚಲಿ. ಹಕ್ಕಿಯ ಕೆಂಪು ಕೊರಳು ಗಂಡಿಗೆ ಮಾತ್ರ. ಗೂಡಿನ ಮೇಲೆ ಕೂತದ್ದನ್ನು ಬರೆಯುವುದಾದರೆ ಅದು ಹೆಣ್ಣು, ಕೊರಳು ಬಿಳಿಚಾಗಿರಬೇಕು.