ಓಆರ್ ಓದಿದ್ರ ಅಂಗಡಿಗಿ ಉಪಯೋಗ ಆಗ್ತದೇನ್ರಿ?

ಎಂಬಿಎ ಹುಡುಗಿ, ಕಲಬುರಗಿ:
ನಮಸ್ಕಾರ್ರಿ ಎಲ್ಲಾರಿಗೂ. ಈ ಸೆಮ್‌ನಾಗ ಸ್ಟ್ಯಾಟಿಸ್ಟಿಕ್ಸೂ ಆಪರೇಷನ್ಸ್ ರಿಸರ್ಚೂ (ಓಆರ್, ಅಂದ್ರ ಲೆಕ್ಕ ಹಾಕಿ ಚಲೋ ನಿರ್ಧಾರ ತಗೊಳ್ಳೋ ವಿಷಯ) ಎರಡೂ ಅದಾವ, ಓಆರ್‌ನಾಗಿನ ಸಿಂಪ್ಲೆಕ್ಸ್ ಅನ್ನೋ ಲೆಕ್ಕದ ಟೇಬಲ್ ತುಂಬಲಾಕ ಬರ್ತದ ಖರೆ ಆದ್ರ ಯಾಕ ಮಾಡ್ತೀವಿ ಅನ್ನೋದು ತಲಿಗಿ ಹೋಗವಲ್ದು. ನಮ್ಮಪ್ಪಂದು ಗಂಜ್‌ನಾಗ ಅಕ್ಕಿ-ಬ್ಯಾಳಿ ಅಂಗಡಿ ಅದ, ಅಲ್ಲಿ ಇದು ನಡೀತದೇನ್ರಿ?

ದಾಲ್ ಮಿಲ್ ಅಕೌಂಟೆಂಟ್:
ಭಾಳ ಚಲೋ ನಡೀತದ ತಂಗಿ. ಅಕ್ಕಿ ವರ್ಷಕ್ಕ 1200 ಚೀಲ ಹೋಗ್ತಾವ ಅಂತ ಹಿಡಿ, ಒಂದ್ಸಲ ಮಾಲು ತರ್ಸಲಾಕ 600 ರೂಪಾಯಿ, ಒಂದು ಚೀಲ ವರ್ಷಪೂರ್ತಿ ಗೋಡೌನ್‌ನಾಗ ಇಟ್ರ 100 ರೂಪಾಯಿ ಖರ್ಚು. 2×1200×600 ಮಾಡಿ 100ರಿಂದ ಭಾಗಿಸಿ ವರ್ಗಮೂಲ ತಗಿ, 120 ಬರ್ತದ. ಅಂದ್ರ ಒಂದ್ಸಲಕ್ಕ 120 ಚೀಲ, ವರ್ಷಕ್ಕ 10 ಆರ್ಡರ್. ತರ್ಸೋ ಖರ್ಚು 6000, ಗೋಡೌನ್‌ನಾಗ ಸರಾಸರಿ ಅರ್ಧ ಅಂದ್ರ 60 ಚೀಲ ಇರ್ತಾವ, ಹಂಗಾಗಿ ಇಡೋ ಖರ್ಚೂ 6000, ಎರಡೂ ಸಮ ಆದಲ್ಲೇ ಒಟ್ಟು ಖರ್ಚು ಕಡಿಮಿ. ಇದೇ ಇಓಕ್ಯೂ (ಎಕನಾಮಿಕ್ ಆರ್ಡರ್ ಕ್ವಾಂಟಿಟಿ), ಅಂದ್ರ ಒಂದ್ಸಲಕ್ಕ ಎಷ್ಟು ತರ್ಸಿದ್ರ ಖರ್ಚು ಕಡಿಮಿ ಅನ್ನೋ ಲೆಕ್ಕ.

ಲೆಕ್ಚರರ್, ಬೀದರ್:
ಲೆಕ್ಕ ಬರೋಬ್ಬರಿ ಅದ, ಆದ್ರ ಈ ಸೂತ್ರ ಬೇಡಿಕಿ ವರ್ಷಪೂರ್ತಿ ಒಂದೇ ಸಮ ಅಂತ ಹಿಡೀತದ, ಮದಿವಿ ಸೀಸನ್‌ನಾಗ ಹಂಗ ಇರಂಗಿಲ್ಲ. ಅಲ್ಲೇ ನೋಡಮ್ಮಾ ಸ್ಟ್ಯಾಟಿಸ್ಟಿಕ್ಸ್ ಬೇಕಾಗೋದು, ಹಳೀ ಬಿಲ್ ಬುಕ್ ತಗದು ವಾರದ ಮಾರಾಟದ ಸರಾಸರಿ, ಸ್ಟ್ಯಾಂಡರ್ಡ್ ಡೀವಿಯೇಷನ್ (ಮಾರಾಟ ಸರಾಸರಿಗಿಂತ ಎಷ್ಟು ಹೆಚ್ಚುಕಡಿಮಿ ಆಗ್ತದ ಅನ್ನೋ ಅಳತಿ) ತಗಿ, ಹೆಚ್ಚಿಗಿ ಸ್ಟಾಕ್ ಎಷ್ಟು ಇಡಬೇಕು ಗೊತ್ತಾಗ್ತದ. ಅಮೆರಿಕದ ಗಣಿತಜ್ಞ ಡ್ಯಾಂಟ್‌ಜಿಗ್ 1947ರಾಗ ಕೊಟ್ಟ ಸಿಂಪ್ಲೆಕ್ಸ್ ಬ್ಯಾರೆ ಕೆಲಸಕ್ಕ: ಜಾಗಾನೂ ರೊಕ್ಕಾನೂ ಕಡಿಮಿ ಇದ್ದಾಗ ಯಾವ ಮಾಲು ಎಷ್ಟು ತರ್ಸಬೇಕು ಅನ್ನೋದಕ್ಕ.

ಎಂಬಿಎ ಹುಡುಗಿ, ಕಲಬುರಗಿ:
ಈಗ ತಿಳೀತ್ರಿ ಸರ! ಎಷ್ಟು ತಿಂಗಳ ಬಿಲ್ ಬೇಕ್ರಿ?

ಲೆಕ್ಚರರ್, ಬೀದರ್:
ಒಂದು ಪೂರಾ ವರ್ಷದ್ದರೆ ಬೇಕು, ಎರಡು ಸಿಕ್ರ ಇನ್ನೂ ಚಲೋ.