ಕೇಪುಳಕ್ಕೆ ‘ಗುಡ್ಡೆದಾಸವಾಳ’ ಅನ್ನುವುದು ಸರಿಯೇ?

ಎಲ್ಲರಿಗೂ ನಮಸ್ಕಾರ.

ಉಡುಪಿಯ ಒಂದು ಶಾಲೆಯ ಕೈತೋಟಕ್ಕೆ ಗಿಡಗಳ ಹೆಸರಿನ ಫಲಕ ಬರೆದುಕೊಡುತ್ತಿದ್ದೇನೆ. ಒಂದು ಹೆಸರಿನ ಬಗ್ಗೆ ನಿಮ್ಮ ಅಭಿಪ್ರಾಯ ಬೇಕು. ಇಕ್ಸೋರಾ ಕಾಕ್ಸೀನಿಯಾ ಗಿಡಕ್ಕೆ ಮಂಗಳೂರು, ಉಡುಪಿ ಕಡೆ ಕೇಪುಳ ಇಲ್ಲವೇ ಕೇಪಳ ಅನ್ನುತ್ತೇವೆ. ಗಿಡಗಳ ಪಟ್ಟಿಗಳಲ್ಲಿ ಮಾತ್ರ ಕನ್ನಡ ಹೆಸರು ಅಂತ ‘ಗುಡ್ಡೆದಾಸವಾಳ’ ಕಾಣುತ್ತದೆ.

‘ಗುಡ್ಡೆ’ಯನ್ನು ಒಪ್ಪುತ್ತೇನೆ. ಮುರಕಲ್ಲಿನ (ಜಂಬಿಟ್ಟಿಗೆ ಕಲ್ಲಿನ) ಪದವುಗಳಲ್ಲಿ, ಅಂದರೆ ಎತ್ತರದ ಬಯಲುಗಳಲ್ಲಿ, ಯಾರೂ ನೆಡದೆ, ನೀರು ಹಾಕದೆ ಪೊದೆಯಾಗಿ ಬೆಳೆಯುವ ಗಿಡ ಇದು. ವರ್ಷವಿಡೀ ಹಸಿರು. ಹುಳಿಮಣ್ಣು ಇದಕ್ಕೆ ಒಗ್ಗುತ್ತದೆ. ಅದನ್ನೇ ತಂದು ಸಿಮೆಂಟ್ ಗೋಡೆಯ ಬುಡದಲ್ಲಿ ನೆಟ್ಟರೆ ಸುಣ್ಣದ ಅಂಶ ಜಾಸ್ತಿಯಾಗಿ ಬೇರಿಗೆ ಕಬ್ಬಿಣ ಸಿಗುವುದಿಲ್ಲ. ಎಳೆ ಎಲೆ ಹಳದಿಯಾಗುತ್ತದೆ, ನರ ಮಾತ್ರ ಹಸಿರಾಗಿ ಉಳಿಯುತ್ತದೆ.

ನನ್ನ ತಕರಾರು ‘ದಾಸವಾಳ’ದ ಬಗ್ಗೆ. ದಾಸವಾಳ ಎಲೆಯ ಕಂಕುಳಲ್ಲಿ ಒಂಟಿಯಾಗಿ ಅರಳುವ ಹೂ. ಐದು ಅಗಲ ಎಸಳು, ನಡುವಿನಿಂದ ಹೊರಚಾಚಿದ ಕೇಸರ. ಕೇಪುಳ ಕೊಂಬೆಯ ತುದಿಯಲ್ಲಿ ಗೊಂಚಲು ಬಿಡುತ್ತದೆ. ಹೂ ಮುಗಿದ ಮೇಲೆ ತುದಿ ಕತ್ತರಿಸಿದರೆ ಕವಲು ಹೆಚ್ಚುವುದು, ಗೊಂಚಲೂ ಹೆಚ್ಚುವುದು ಅದಕ್ಕೇ. ಒಂದು ಹೂ ಕಿತ್ತು ನೋಡಿ: ನೂಲಿನಂಥ ಸಪೂರ ಕೊಳವೆ, ತುದಿಗೆ ನಾಲ್ಕೇ ಎಸಳು. ಮಕ್ಕಳು ಚೀಪುವ ಜೇನು ಆ ಕೊಳವೆಯ ಬುಡದಲ್ಲಿರುತ್ತದೆ. ಎಲೆಗಳು ಎದುರುಬದುರು ಜೋಡಿ. ಜೋಡಿಯ ನಡುವೆ ಕಾಂಡಕ್ಕೆ ಅಂಟಿದ ಚೂಪಾದ ಪುಟ್ಟ ಪೊರೆ. ಕಾಫಿ ಗಿಡದಲ್ಲೂ ಹೀಗೇ ಇರುತ್ತದೆ, ಎರಡೂ ಒಂದೇ ಕುಟುಂಬ. ಕೆಂಪು ಬಣ್ಣ ಬಿಟ್ಟರೆ ದಾಸವಾಳಕ್ಕೂ ಇದಕ್ಕೂ ಏನು ನಂಟು?

ಘಟ್ಟದ ಮೇಲಿನ ‘ಕಿಸ್ಗಾರ’, ‘ಕಿಸುಕಾರೆ’ ನನಗೆ ಇದಕ್ಕಿಂತ ಇಷ್ಟ. ಹಳಗನ್ನಡದಲ್ಲಿ ‘ಕಿಸು’ ಅಂದರೆ ಕೆಂಪು. ಪಟ್ಟದಕಲ್ಲಿನ ಹಳೆಯ ಹೆಸರು ಕಿಸುವೊಳಲಿನಲ್ಲೂ ಅದೇ ಇದೆ. ಇನ್ನು ಮುಳ್ಳಿನ ಕಾರೆ ಗಿಡ, ಅದೂ ಕಾಫಿ ಕುಟುಂಬದ್ದೇ! ಕಿಸುಕಾರೆ ಅಂದರೆ ಕೆಂಪು ಕಾರೆ ಅಂತ ಬಿಡಿಸಬಹುದೇ? ಹಳಗನ್ನಡ ಬಲ್ಲವರು ಹೇಳಬೇಕು.

ಫಲಕದಲ್ಲಿ ‘ಕೇಪುಳ’ ಅಂತಲೇ ಬರೆಯಬೇಕು ಅನ್ನುವುದು ನನ್ನ ಮನಸ್ಸು. ‘ಅದು ತುಳು ಮಾತು, ಕನ್ನಡ ಫಲಕಕ್ಕೆ ಬೇಡ’ ಅನ್ನುವವರೂ ಇದ್ದಾರೆ. ಆದರೆ ಇಲ್ಲಿ ಕನ್ನಡ ಮನೆಮಾತಿನವರೂ ಕೇಪಳ ಹೂವಿನ ತಂಬುಳಿ ಅಂತಲೇ ಹೇಳುವುದು, ಅಲ್ವಾ?

ನಿಮ್ಮ ಕಡೆ ‘ಗುಡ್ಡೆದಾಸವಾಳ’ವನ್ನು ಮಾತಿನಲ್ಲಿ ಬಳಸುತ್ತಾರಾ, ಅಥವಾ ಅದು ಬರೀ ಪುಸ್ತಕದ ಹೆಸರಾ? ನರ್ಸರಿಯಿಂದ ತರುವ ಹಳದಿ, ಬಿಳಿ, ಗಿಡ್ಡ ತಳಿಗಳಿಗೂ ಕೇಪುಳ ಅನ್ನುತ್ತೀರಾ? ಊರಿನ ಹೆಸರು ಸೇರಿಸಿ ತಿಳಿಸಿ.