ಪಾಯಿಂಟರ್ × ಕೂನ್‌ಹೌಂಡ್ ಕ್ರಾಸ್: ಹಗಲು ಕ್ವೇಲ್, ರಾತ್ರಿ ರಕೂನ್, ಎರಡಕ್ಕೂ ಒಂದೇ ನಾಯಿ ಆಗುತ್ತಾ?

ಜಾರ್ಜಿಯಾ_ಗೌಡ

ಅಮೆರಿಕದ ದಕ್ಷಿಣದಲ್ಲಿ ಬೇಟೆನಾಯಿ ಸಾಕಿರೋ ನಮ್ಮವರಲ್ಲಿ ಒಂದು ಪ್ರಶ್ನೆ. ಮನೆಯಲ್ಲಿ 4 ವರ್ಷದ ಜರ್ಮನ್ ಶಾರ್ಟ್‌ಹೇರ್ಡ್ ಪಾಯಿಂಟರ್ ಗಂಡು ಇದೆ. ಲಿವರ್ (ಕಡು ಕಂದು) ಬಣ್ಣ, ಕ್ವೇಲ್ ಅನ್ನೋ ನೆಲದ ಸಣ್ಣ ಹಕ್ಕಿಯ ವಾಸನೆ ಸಿಕ್ರೆ ಅದನ್ನ ತೋರಿಸ್ತಾ ಅಲುಗಾಡದೆ ಗಟ್ಟಿಯಾಗಿ ನಿಲ್ಲುತ್ತೆ, ಮಾತು ಕೇಳುತ್ತೆ. ಪಕ್ಕದ ತೋಟದವರ ಹತ್ರ 3 ವರ್ಷದ ಟ್ರೀಯಿಂಗ್ ವಾಕರ್ (ಕೂನ್‌ಹೌಂಡ್‌ನ ಒಂದು ತಳಿ) ಹೆಣ್ಣು ಇದೆ, ರಾತ್ರಿ ತಿರುಗೋ, ಮರ ಹತ್ತೋ ರಕೂನ್ ಅನ್ನೋ ಕಾಡುಪ್ರಾಣಿ ಮೇಲೆ ಬಲು ಜೋರು. ಎರಡನ್ನೂ ಕೂಡಿಸಿದ್ರೆ ಪಾಯಿಂಟರ್‌ನ ವೇಗ ಮತ್ತು ವಿಧೇಯತೆ, ಹೌಂಡ್‌ನ ಮೂಗು ಮತ್ತು ಹಠ ಒಂದೇ ಮರಿಯಲ್ಲಿ ಬರುತ್ತೆ ಅನ್ನೋದು ಅವರ ಲೆಕ್ಕ. ಮರಿಗಳು ಹಕ್ಕಿ ಕಂಡ್ರೆ ನಿಲ್ತವಾ, ಬೊಗಳ್ತವಾ? ತಾಯಿ ಯಾವ ತಳಿಯದ್ದಾದ್ರೆ ಒಳ್ಳೇದು? ಕೂಡಿಸೋ ಮೊದಲು ಏನೇನು ಪರೀಕ್ಷೆ ಮಾಡಿಸಬೇಕು?

ಟೆನೆಸ್ಸಿ_ಮಂಜಣ್ಣ

ಗೌಡ್ರೇ, ಕ್ವೇಲ್‌ಗೆ ಅಂತಾದ್ರೆ ಖಂಡಿತ ಬೇಡ. ರಕೂನ್‌ಗೆ ಅಂತಾದ್ರೂ ಲಾಭಕ್ಕಿಂತ ನಷ್ಟ ಜಾಸ್ತಿ.

ಎರಡಕ್ಕೂ ಮೂಗು ಚೆನ್ನಾಗೇ ಇದೆ, ಆದ್ರೆ ಬಳಸೋ ರೀತಿ ಪೂರ್ತಿ ಬೇರೆ. ಪಾಯಿಂಟರ್ ತಲೆ ಎತ್ತಿಕೊಂಡು, ಗಾಳಿಯಲ್ಲಿ ಬರೋ ಹಕ್ಕಿಯ ಮೈವಾಸನೆ ಹಿಡಿಯೋ ನಾಯಿ. ಅದಕ್ಕೇ ಗಾಳಿಗೆ ಅಡ್ಡಡ್ಡವಾಗಿ ಎಡಕ್ಕೂ ಬಲಕ್ಕೂ ಓಡಿ ಹೊಲ ಜಾಲಾಡುತ್ತೆ, ವಾಸನೆ ಬಡಿದ ತಕ್ಷಣ ಸದ್ದಿಲ್ಲದೆ ನಿಲ್ಲುತ್ತೆ. ಕೂನ್‌ಹೌಂಡ್ ಮೂಗು ನೆಲಕ್ಕಿಟ್ಟು, ರಕೂನ್ ಎಷ್ಟೋ ಹೊತ್ತಿನ ಹಿಂದೆ ನಡೆದು ಹೋದ ಹೆಜ್ಜೆಯ ಜಾಡನ್ನ ಬಿಡಿಸಿಕೊಳ್ತಾ, ಕೂಗ್ತಾ ಹೋಗುತ್ತೆ. ಕೊನೆಗೆ ರಕೂನ್ ಹತ್ತಿದ ಮರಕ್ಕೆ ಮುಂಗಾಲು ಕೊಟ್ಟು, ನಾವು ಟಾರ್ಚ್ ಹಿಡಿದು ಬರೋ ತನಕ ಬೊಗಳ್ತಾನೇ ಇರುತ್ತೆ. ನಮ್ಮ ಮುಧೋಳದಂತೆ ಕಣ್ಣಿಂದ ಬೇಟೆಯಾಡೋ ನಾಯಿ ಇವೆರಡೂ ಅಲ್ಲ. ಹಾಗಂತ ಎರಡೂ ಮೂಗಿನ ನಾಯಿ, ಹೊಂದಿಕೊಳ್ತವೆ ಅಂದುಕೊಳ್ಳೋದರಲ್ಲೇ ಲೆಕ್ಕ ತಪ್ಪೋದು.

ಜಾಡಿನ ಮೇಲೆ ಬೊಗಳೋ ಗುಣ ಮೊದಲ ಪೀಳಿಗೆಯಲ್ಲೇ ಮೇಲುಗೈ ಆಗುತ್ತೆ. ಬೊಗಳೋ ಹೌಂಡ್‌ಗಳನ್ನ ಸುಮ್ಮನೆ ಓಡೋ ತಳಿಗಳ ಜೊತೆ ಕೂಡಿಸಿ, ಮರಿಗಳು ಬೊಗಳ್ತವೆ ಅಂತ ಅಮೆರಿಕದ ನಾಯಿ ತಳಿಗಾರ ಲಿಯಾನ್ ವಿಟ್ನಿ 1929ರಲ್ಲೇ ಬರೆದಿದ್ರು. ಆದ್ರೆ ಹೌಂಡ್‌ನ ಆ ಉದ್ದನೆಯ ಊಳು ಪೂರ್ತಿ ಬರಲ್ಲ, ತುಂಡು ತುಂಡು ಬೊಗಳಾಗುತ್ತೆ. ಕ್ವೇಲ್ ಗುಂಪಿನ ಹತ್ರ ಒಂದು ಸಲ ಬಾಯಿ ಬಿಟ್ರೂ ಸಾಕು, ನೀವು ಬಂದೂಕು ಎತ್ತೋದರೊಳಗೆ ಅಷ್ಟೂ ಹಕ್ಕಿ ಹಾರಿರುತ್ತೆ.

ನಿಲ್ಲೋ ಗುಣ ಒಂದು ಜೀನ್‌ನಿಂದ ಬರೋದಲ್ಲ, ಅರ್ಧ ರಕ್ತಕ್ಕೆ ಅರ್ಧಂಬರ್ಧ ಬರುತ್ತೆ. ಕ್ರಾಸ್ ಮರಿ ವಾಸನೆ ಬಂದಾಗ ಒಂದು ಕ್ಷಣ ತಡೆಯುತ್ತೆ, ಆಮೇಲೆ ನುಗ್ಗುತ್ತೆ. ಇನ್ನೊಂದು ನಾಯಿ ನಿಂತಾಗ ಅದರ ಹಿಂದೆ ತಾನೂ ನಿಲ್ಲೋದು ಇನ್ನೂ ಅಪರೂಪ. ಎಲೆಕ್ಟ್ರಾನಿಕ್ ಕಾಲರ್ ಹಾಕಿ ನಿಲ್ಲಿಸಬಹುದು, ಆದ್ರೆ ಅದು ಭಯಕ್ಕೆ ನಿಂತಿರೋದು. ಹಕ್ಕಿ ಇಲ್ಲದ ಕಡೆಯೂ ನಿಲ್ಲೋಕೆ ಶುರುಮಾಡುತ್ತೆ, ಇಲ್ಲಾಂದ್ರೆ ವಾಸನೆ ಬಂದ್ರೂ ಮುಖ ತಿರುಗಿಸಿ ಹೋಗುತ್ತೆ.

ರಕೂನ್ ಕಡೆ ಬಂದ್ರೆ, ತಲೆ ಎತ್ತಿ ವೇಗವಾಗಿ ಓಡೋದರಿಂದ ಹೊಸ ಜಾಡಿನಲ್ಲಿ ಇದು ಮಿಂಚು. ಹಳೇ ಜಾಡು, ಒಣನೆಲ ಅಂದ್ರೆ ಮುಗ್ಗರಿಸುತ್ತೆ. ರಕೂನ್ ತಿರುಗಿದ ಕಡೆ ಇದು ತಿರುಗದೆ ನೇರ ಹೋಗಿಬಿಡುತ್ತೆ, ಗಾಳಿಯಲ್ಲಿ ಬಂದ ವಾಸನೆ ನಂಬಿ ಖಾಲಿ ಮರಕ್ಕೆ ಬೊಗಳುತ್ತೆ. ಯುಕೆಸಿ (ಯುನೈಟೆಡ್ ಕೆನಲ್ ಕ್ಲಬ್) ನಡೆಸೋ ನೈಟ್ ಹಂಟ್ ಸ್ಪರ್ಧೆಯಲ್ಲಿ ಜಾಡು ಸಿಕ್ತು ಅಂತ ಮೊದಲು ಬಾಯಿ ಬಿಟ್ಟ ನಾಯಿಗೆ 100, ಮರ ಹಿಡಿದ ಮೊದಲನೆಯದಕ್ಕೆ 125 ಅಂಕ, ಮರದಲ್ಲಿ ರಕೂನ್ ಇಲ್ಲ ಅಂತ ಸಾಬೀತಾದ್ರೆ ಅಷ್ಟೂ ಮೈನಸ್. ಅಲ್ಲಿಗೆ ಕ್ರಾಸ್ ನಾಯಿಯನ್ನ ಸೇರಿಸೋದೂ ಇಲ್ಲ ಬಿಡಿ, ಆದ್ರೆ ಈ ಆಟದಲ್ಲಿ ಯಾವ ಗುಣಕ್ಕೆ ಬೆಲೆ ಅನ್ನೋದು ಆ ಅಂಕಗಳಲ್ಲೇ ಗೊತ್ತಾಗುತ್ತೆ.

ಇನ್ನೊಂದು ಮಾತು. ನಿಮ್ಮ ಗಂಡು ನಾಯಿಯ ತಳಿಯೇ ಇಂಥ ಒಂದು ಬೆರಕೆಯಿಂದ ಬಂದಿದ್ದು. ಜರ್ಮನ್ನರು ಹಳೇ ಪಾಯಿಂಟರ್‌ಗಳಿಗೆ ಹೌಂಡ್ ರಕ್ತ ಸೇರಿಸಿದ್ರು, ನಿಧಾನ ಆಯ್ತು ಅನ್ನಿಸಿ 19ನೇ ಶತಮಾನದಲ್ಲಿ ಇಂಗ್ಲಿಷ್ ಪಾಯಿಂಟರ್ ತಂದ್ರು. ಪೀಳಿಗೆಗಟ್ಟಲೆ ಮರಿಗಳನ್ನ ಹೊಲದಲ್ಲಿ ಪರೀಕ್ಷೆ ಮಾಡಿ, ಬೇಡದ್ದನ್ನ ತಳಿಯಿಂದ ಹೊರಗಿಟ್ಟು ಅದು ಗಟ್ಟಿಯಾಯ್ತು. ಒಂದು ಸೂಲಲ್ಲಿ ಆಗೋ ಕೆಲಸ ಅಲ್ಲ ಇದು.

ನಾಯಿಡಾಕ್ಟ್ರು

ಮಂಜಣ್ಣನವರ ಮಾತಿಗೆ ನನ್ನ ಒಪ್ಪಿಗೆ ಇದೆ. ಆದ್ರೂ ಕೂಡಿಸೋದೇ ಆದ್ರೆ ಮೊದಲು ಎರಡೂ ನಾಯಿಗೆ ಬ್ರುಸೆಲ್ಲಾ ಕ್ಯಾನಿಸ್ ಅನ್ನೋ ಬ್ಯಾಕ್ಟೀರಿಯಾದ ರಕ್ತಪರೀಕ್ಷೆ. ಗರ್ಭಪಾತ, ಬಂಜೆತನ ತರೋ ರೋಗ, ಮನುಷ್ಯರಿಗೂ ಹರಡುತ್ತೆ, ಒಂದು ಸಲ ಅಂಟಿದ್ರೆ ಪೂರ್ತಿ ವಾಸಿ ಮಾಡೋದು ಕಷ್ಟ. ಪಕ್ಕದವರ ನಾಯಿ, ಪರಿಚಯದವರು ಅಂತ ಇದನ್ನ ಬಿಡಬೇಡಿ. ಎರಡಕ್ಕೂ ಸೊಂಟದ ಎಕ್ಸ್-ರೇ ತೆಗೆಸಿ. ಸೊಂಟದ ಎಕ್ಸ್-ರೇಗೆ ದರ್ಜೆ ಕೊಡೋ ಒಎಫ್‌ಎ ಸಂಸ್ಥೆ ಅಂತಿಮ ದರ್ಜೆ ಕೊಡೋದು 24 ತಿಂಗಳು ತುಂಬಿದ ಮೇಲೆ, ನಿಮ್ಮವು ಎರಡೂ ಆ ವಯಸ್ಸು ದಾಟಿವೆ. ಶಾರ್ಟ್‌ಹೇರ್ಡ್‌ನಲ್ಲಿ ಕೋನ್ ಡಿಜೆನರೇಶನ್ ಅಂತ ಹಗಲುಗುರುಡು ಇದೆ. ಅಪ್ಪ ಅಮ್ಮ ಇಬ್ಬರಿಂದಲೂ ಜೀನ್ ಬಂದ್ರೆ ಮಾತ್ರ ಕಾಣಿಸಿಕೊಳ್ಳುತ್ತೆ, ಆದ್ದರಿಂದ ಕ್ರಾಸ್ ಮರಿಗಳಿಗೆ ಭಯ ಕಡಿಮೆ. ಆದ್ರೆ ಮರಿಗಳನ್ನ ಮತ್ತೆ ಶಾರ್ಟ್‌ಹೇರ್ಡ್‌ಗೇ ಕೂಡಿಸೋ ಯೋಚನೆ ಇದ್ರೆ ಡಿಎನ್‌ಎ ಪರೀಕ್ಷೆ ಮಾಡಿಸಿ.

ಬೆದೆಗೆ ಬಂದ ದಿನದಿಂದ ಎಣಿಸಿ 11, 13ನೇ ದಿನ ಕೂಡಿಸೋ ಪದ್ಧತಿ ಎಷ್ಟೋ ಸಲ ಕೈಕೊಡುತ್ತೆ, ಒಂದೊಂದು ಹೆಣ್ಣಿಗೆ ಒಂದೊಂದು ಲೆಕ್ಕ. 5-6ನೇ ದಿನದಿಂದ ಒಂದು ದಿನ ಬಿಟ್ಟು ಒಂದು ದಿನ ರಕ್ತದಲ್ಲಿ ಪ್ರೊಜೆಸ್ಟರಾನ್ ಹಾರ್ಮೋನ್ ಮಟ್ಟ ನೋಡಿ. ಮಿಲಿಲೀಟರಿಗೆ ಸುಮಾರು 5 ನ್ಯಾನೋಗ್ರಾಂ ಮುಟ್ಟಿದಾಗ ಅಂಡ ಬಿಡುಗಡೆ ಆಯ್ತು ಅಂತ ಲೆಕ್ಕ. ಅಂಡ ಪಕ್ವವಾಗೋಕೆ ಇನ್ನೆರಡು ದಿನ ಬೇಕು, ಹಾಗಾಗಿ ಅಂಡ ಬಿಡುಗಡೆಯಾದ ಮೇಲೆ 2 ಮತ್ತು 4ನೇ ದಿನ ಕೂಡಿಸಿ. ಅಂಡ ಬಿಡುಗಡೆಯಾದ ದಿನದಿಂದ ಸುಮಾರು 63 ದಿನಕ್ಕೆ ಮರಿ.

ತಾಯಿ ಯಾವ ತಳಿ ಅನ್ನೋದರಿಂದ ಬೇಟೆಯ ಗುಣ ಹೆಚ್ಚುಕಮ್ಮಿ ಆಗಲ್ಲ. ಎರಡರ ಗಾತ್ರವೂ ಹತ್ತಿರ ಹತ್ತಿರ, ಹೆರಿಗೆಗೂ ತೊಂದರೆ ಇಲ್ಲ. ಬಣ್ಣ ನೋಡಿ ಗುಣ ಹೇಳೋರನ್ನಂತೂ ನಂಬಬೇಡಿ. ವಾಕರ್‌ಗೂ ಲಿವರ್ ಶಾರ್ಟ್‌ಹೇರ್ಡ್‌ಗೂ ಹುಟ್ಟೋ ಮರಿಗಳು ಹೆಚ್ಚಾಗಿ ಕಪ್ಪು-ಬಿಳಿ, ಮೈಮೇಲೆ ಚುಕ್ಕೆ. ತಾಯಿಯ ಕಂದು ಕೆನ್ನೆ ಕಾಣದೇ ಹೋದ್ರೂ ಆ ಜೀನ್ ಒಳಗೆ ಇದ್ದೇ ಇರುತ್ತೆ.

ರಾತ್ರಿ ಬೇಟೆಗೆ ಬಿಡೋರಿಗೆ ಇನ್ನೊಂದು. ರಕೂನ್ ಕಚ್ಚಿದ 7ರಿಂದ 14 ದಿನಕ್ಕೆ ಹಿಂಗಾಲು ಸೋತು, ಆಮೇಲೆ ನಾಲ್ಕೂ ಕಾಲು ಬಿದ್ದುಹೋಗೋ ಕೂನ್‌ಹೌಂಡ್ ಪಾರ್ಶ್ವವಾಯು ಯಾವ ತಳಿಗೂ ಬರಬಹುದು. ಬೊಗಳು ಕ್ಷೀಣಿಸುತ್ತೆ, ಬಾಲ ಆಡುತ್ತೆ, ಊಟ ಮಾಡುತ್ತೆ. ಇದಕ್ಕೆ ಔಷಧಿಗಿಂತ ಆರೈಕೆ ಮುಖ್ಯ: ದಪ್ಪ ಹಾಸಿಗೆ, 4 ಗಂಟೆಗೊಮ್ಮೆ ಮಗ್ಗುಲು ಬದಲಿಸೋದು, ಬಟ್ಟಲನ್ನ ಬಾಯಿ ಹತ್ರ ಹಿಡಿಯೋದು. ಉಸಿರಾಟ ಕಷ್ಟವಾದ್ರೆ ತಕ್ಷಣ ಆಸ್ಪತ್ರೆ. ವಾಸಿಯಾಗೋಕೆ ವಾರಗಳು, ಕೆಲವಕ್ಕೆ ತಿಂಗಳುಗಳು. ರಕೂನ್‌ನಿಂದ ರೇಬೀಸ್ ಕೂಡ ಬರುತ್ತೆ, ಲಸಿಕೆಯ ತಾರೀಕು ತಪ್ಪಿಸಬೇಡಿ.

ಟೆಕ್ಸಾಸ್_ಶಿವು

ಮಂಜಣ್ಣ, ಕ್ವೇಲ್ ವಿಷಯದಲ್ಲಿ ನೀವು ಹೇಳಿದ್ದು ಸರಿ. ಆದ್ರೆ ಕ್ರಾಸ್‌ಗೆ ಜಾಗವೇ ಇಲ್ಲ ಅನ್ನೋದನ್ನ ಒಪ್ಪಲ್ಲ. ಕಾಡುಹಂದಿ ಬೇಟೆಯವರು ಬರ್ಡ್ ಡಾಗ್ (ಪಾಯಿಂಟರ್‌ನಂಥ ಹಕ್ಕಿಬೇಟೆ ನಾಯಿ) ರಕ್ತವನ್ನ ಬೇಕಂತಲೇ ಬೆರೆಸ್ತಾರೆ. ಪಿಕಪ್ ಮೇಲೆ ನಿಂತು, ಗಾಡಿ ಓಡ್ತಿರುವಾಗಲೇ ಗಾಳಿಯಲ್ಲಿ ಹಂದಿ ವಾಸನೆ ಹಿಡಿದು ಬೊಗಳೋ ನಾಯಿಗೆ ರಿಗ್ ಡಾಗ್ ಅಂತಾರಲ್ಲ, ಅಲ್ಲಿ ತಲೆ ಎತ್ತೋ ಗುಣವೇ ಬಂಡವಾಳ. ರಕೂನ್ ಜಾಡಿನಲ್ಲಿ ತಪ್ಪು ಅನ್ನಿಸಿಕೊಂಡದ್ದು ಇಲ್ಲಿ ಬೇಕಾದ್ದು. ಪ್ರಮಾಣ ಮಾತ್ರ ನೋಡ್ಕೊಳ್ಳಿ. ಸಾಮಾನ್ಯವಾಗಿ ಕಾಲು ಭಾಗ ಸಾಕು, ಅರ್ಧ ದಾಟಿದ್ರೆ ಚರ್ಮ ತೆಳು, ಹಂದಿ ಎದುರು ನಿಂತು ಬೊಗಳೋ ಧೈರ್ಯ ಕಡಿಮೆ. ಕೋರೆಯ ಗಾಯ ಕುತ್ತಿಗೆಗೆ, ಎದೆಗೆ ಬೀಳೋದು, ಹಾಗಾಗಿ ದಪ್ಪ ಪಟ್ಟಿ, ಎದೆಕವಚ ಹಾಕದೆ ಬಿಡಬೇಡಿ.

ಮರಿ ಆರಿಸೋದರಲ್ಲೂ ಜನ ಎಡವ್ತಾರೆ. ಕೋಲಿಗೆ ರೆಕ್ಕೆ ಕಟ್ಟಿ ಆಡಿಸಿದಾಗ ಮರಿ ನಿಂತ್ರೆ ಅದು ಕಣ್ಣಿನ ಆಟ, ಮೂಗಿನದ್ದಲ್ಲ. 10-12 ವಾರಕ್ಕೆ ರಕೂನ್ ಚರ್ಮವನ್ನ ಒದ್ದೆ ಹುಲ್ಲಲ್ಲಿ 50 ಮೀಟರ್ ಎಳೆದು, ನಡುವೆ ಒಂದು ತಿರುವು ಕೊಡಿ. 15 ನಿಮಿಷ ಬಿಟ್ಟು ಒಂದೊಂದೇ ಮರಿಯನ್ನ ಬಿಡಿ. ತಿರುವಿನಲ್ಲಿ ತಲೆ ಎತ್ತಿ ಗಾಳಿ ಹುಡುಕುತ್ತಾ, ಮೂಗು ಇಳಿಸಿ ವಾಪಸ್ ಬರುತ್ತಾ ಅನ್ನೋದನ್ನ ಬರೆದಿಟ್ಟುಕೊಳ್ಳಿ. 6 ತಿಂಗಳಿಗೆ ಅದೇ ಪರೀಕ್ಷೆ 300 ಮೀಟರ್‌ಗೆ, ಒಂದು ಗಂಟೆ ಹಳೇ ಜಾಡಿಗೆ. ಎರಡು ಸಲದ ಬರಹ ಪಕ್ಕಪಕ್ಕ ಇಟ್ಟು ನೋಡೋ ತನಕ ಯಾವ ಮರಿಯನ್ನೂ ಆರಿಸಬೇಡಿ. ಅಲ್ಲೀವರೆಗೆ ಸೂಲಿನ ಎಲ್ಲ ಮರಿಗೂ ಊಟ, ಲಸಿಕೆ, ಜಾಗ ಬೇಕು. ಬಹಳ ಜನ ಕೈಬಿಡೋದು ಇಲ್ಲೇ, ದಕ್ಷಿಣದ ಶೆಲ್ಟರ್‌ಗಳು ಮೊದಲೇ ಹೌಂಡ್‌ಗಳಿಂದ ತುಂಬಿವೆ. ಕ್ರಾಸ್‌ಗೆ ಕ್ರಾಸ್ ಕೂಡಿಸಲೇಬೇಡಿ, ಎರಡನೇ ಪೀಳಿಗೆಯಲ್ಲಿ ಒಂದೊಂದು ಮರಿ ಒಂದೊಂದು ದಿಕ್ಕು.

ಜಾರ್ಜಿಯಾ_ಗೌಡ

ಮೂವರಿಗೂ ಥ್ಯಾಂಕ್ಸ್. ಹಂದಿ ಬೇಟೆ ನಮಗೆ ಬೇಡ. ಕ್ರಾಸ್ ಕೈಬಿಟ್ಟು, ಹಕ್ಕಿಯ ಮೇಲೆ ನಿಲ್ಲೋ ಜೊತೆಗೆ ಜಾಡಿನ ಮೇಲೆ ಬಾಯಿ ಬಿಡೋ ನಾಯಿ ಇರೋ ತಳಿಯಲ್ಲೇ ಸಿಗುತ್ತಾ?

ಟೆನೆಸ್ಸಿ_ಮಂಜಣ್ಣ

ಸಿಗುತ್ತೆ, ಹುಡುಕಬೇಕು. ಜರ್ಮನ್ ತಳಿಗಳಾದ ಡಾಯ್ಚ್ ಡ್ರಾಟ್‌ಹಾರ್ ನೋಡಿ, ಇಲ್ಲಾ ಸ್ಮಾಲ್ ಮುನ್ಸ್ಟರ್‌ಲ್ಯಾಂಡರ್. ಜರ್ಮನ್ ಪದ್ಧತಿಯ ವಿಜೆಪಿ ಅನ್ನೋ ಎಳೇ ನಾಯಿಗಳ ಪರೀಕ್ಷೆಯಲ್ಲಿ ಮೊಲದ ಜಾಡು ಹಿಡಿಸ್ತಾರೆ, ಹಕ್ಕಿಯ ಮೇಲೆ ನಿಲ್ಲೋದಕ್ಕೂ ಅಂಕ ಕೊಡ್ತಾರೆ. ಪ್ರಾಣಿ ಕಣ್ಣಿಗೆ ಕಾಣದೆ ಬರೀ ಜಾಡಿನ ಮೇಲೆ ಬೊಗಳಿದ್ರೆ ಹಾಳೆಯಲ್ಲಿ ಸ್ಪುರ್‌ಲೌಟ್ ಅಂತ ಬರೀತಾರೆ, ಕಂಡ ಮೇಲೆ ಬೊಗಳಿದ್ರೆ ಜಿಖ್ಟ್‌ಲೌಟ್. ಮರಿ ಕೊಳ್ಳುವಾಗ ಅಪ್ಪ ಅಮ್ಮ ಎರಡರ ವಿಜೆಪಿ ಹಾಳೆ ಕೇಳಿ, ಎರಡರಲ್ಲೂ ಮೊದಲನೆಯದು ಇದ್ರೆ ಮುಂಗಡ ಕೊಡಿ. ಅಮೆರಿಕದ ನಾವ್ಡಾ ಅನ್ನೋ ಬೇಟೆನಾಯಿ ಸಂಸ್ಥೆಯ ನ್ಯಾಚುರಲ್ ಎಬಿಲಿಟಿ ಪರೀಕ್ಷೆಯಲ್ಲೂ ಫೆಸೆಂಟ್ ಹಕ್ಕಿಯ ಜಾಡು ಇದೆ, 16 ತಿಂಗಳ ತನಕ ಕೂರಿಸಬಹುದು.

ಈ ನಾಯಿಗಳು ರಕೂನ್‌ನ ನೆಲದಲ್ಲೇ ಹಿಡಿದು ಮುಗಿಸೋಕೆ ನೋಡ್ತವೆ, ಮರದ ಬುಡದಲ್ಲಿ ಅರ್ಧ ಗಂಟೆ ಬೊಗಳ್ತಾ ನಿಲ್ಲಲ್ಲ. ಆ ಕೆಲಸ ಬೇಕು ಅಂದಾಗ ಪಕ್ಕದವರ ವಾಕರ್ ಇದ್ದೇ ಇದೆಯಲ್ಲ, ಬ್ಯಾಟರಿ ಖರ್ಚು ಹಂಚಿಕೊಂಡು ಅದನ್ನೇ ಬಿಡಿ.